ಕೋವಿ ಠಾಣೆಯಲ್ಲಿದ್ದ ದಿನಗಳು

ಹಾಸನದಿಂದ ಬೇಲೂರಿಗೆ ಹೋಗುವ ದಾರಿಯಲ್ಲಿ, ಮುಖ್ಯ ರಸ್ತೆಯಿಂದ ಸ್ವಲ್ಪ ಒಳಗೆ, ಕೆರೆಯ ದಡದಲ್ಲಿ ದೊಡ್ಡಗದ್ದವಳ್ಳಿ ಇದೆ. ಅಲ್ಲಿನ ಲಕ್ಷ್ಮೀದೇವಿ ಗುಡಿಯನ್ನು ಕಟ್ಟಿಸಿದವರು ಕುಲ್ಲಹಣ ರಾಹುತನೆಂಬ ವರ್ತಕ ಮತ್ತು ಅವನ ಹೆಂಡತಿ ಸಹಜಾದೇವಿ. ಒಂಬೈನೂರು ವರ್ಷಗಳ ಹಿಂದಿನ ಈ ಸಂಗತಿಯನ್ನು ನಾವು ಅನುಮಾನವಿಲ್ಲದೆ ಹೇಳಬಲ್ಲೆವು, ಏಕೆಂದರೆ ಯಾರೋ ಅದನ್ನು ಕಲ್ಲಿನಲ್ಲಿ ಬರೆಸಿಟ್ಟರು. ಬರೆದಿಡುವುದರಲ್ಲಿ ಈ ಸೀಮೆಯವರು ಜಿಪುಣರಾಗಿರಲಿಲ್ಲ. ಹಾಸನ ಜಿಲ್ಲೆಯ ಶಾಸನಗಳನ್ನೆಲ್ಲ ಒಟ್ಟುಗೂಡಿಸಿ ಬಿ.ಎಲ್. ರೈಸ್ 1902ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಐದನೇ ಸಂಪುಟವನ್ನು ತಿರುವಿದರೆ ವೀರಗಲ್ಲುಗಳು ಒಂದರ ಹಿಂದೊಂದು ಎದುರಾಗುತ್ತವೆ. ಸತ್ತವನು ಯಾರು, ಯಾವ ಊರಿನವನು, ಯಾರು ಆಳುತ್ತಿದ್ದಾಗ, ದನ ಬಿಡಿಸುವಾಗಲೋ ಊರ ಮೇಲೆ ದಾಳಿಯಾದಾಗಲೋ, ಕಲ್ಲು ನಿಲ್ಲಿಸಿದವರು ಯಾರು. ಆಯುಧದಿಂದಾದ ಒಂದು ಸಾವಿನ ಬಗ್ಗೆ ಇಂದಿನ ಸಾರ್ವಜನಿಕ ಆರೋಗ್ಯ ವಿಜ್ಞಾನಿ ಕೇಳುವ ಮೊದಲ ಪ್ರಶ್ನೆಗಳಲ್ಲಿ ಹೆಚ್ಚಿನವಕ್ಕೆ ಆ ಕಲ್ಲುಗಳಲ್ಲಿ ಉತ್ತರವಿದೆ.

ಈಗ ಅದೇ ನೆಲದಲ್ಲಿ ಇರುವ ಆಯುಧ ಕೋವಿ. ಕೋವಿಯಿಂದ ಆಗುವ ಸಾವುಗಳನ್ನು ಅರಿಯುವುದು ಹೇಗೆ, ತಡೆಯುವುದು ಹೇಗೆ ಎಂಬುದು ಈ ಅಧ್ಯಾಯದ ವಿಷಯ.

ಹಾಸನ ಜಿಲ್ಲೆಯಲ್ಲಿ ಪಡುವಣದಿಂದ ಮೂಡಣಕ್ಕೆ ಬಂದಂತೆ ಮಳೆ ಕಡಿಮೆಯಾಗುತ್ತದೆ. ಸಕಲೇಶಪುರದ ಕಾಫಿ ತೋಟಗಳು, ಆಲೂರು ಮತ್ತು ಅರಕಲಗೂಡಿನ ಅರೆಮಲೆನಾಡು, ಹಾಸನದ ಆಲೂಗಡ್ಡೆ ಮತ್ತು ಮುಸುಕಿನ ಜೋಳದ ಹೊಲ, ಹೊಳೆನರಸೀಪುರದ ನಾಲೆಬಯಲು, ಚನ್ನರಾಯಪಟ್ಟಣದ ತೆಂಗು. ಬೆಳೆ ಕಾಯಲು ಇಟ್ಟುಕೊಂಡ ಕೋವಿಯೂ ಬಹುಮಟ್ಟಿಗೆ ಇದೇ ಇಳಿಜಾರನ್ನು ಅನುಸರಿಸುತ್ತದೆ. ಕಾಡುಹಂದಿ, ಮಂಗ, ಆನೆ ಎಲ್ಲಿ ಹೊಲಕ್ಕೆ ನುಗ್ಗುತ್ತವೋ ಅಲ್ಲಿ ಮನೆಯ ಗೋಡೆಯಲ್ಲಿ ಕೋವಿ ತೂಗುತ್ತದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮು ಈ ರೈತನನ್ನು ನೆನಪಿಟ್ಟುಕೊಂಡೇ ಬರೆದದ್ದು. ನಿಜವಾಗಿ ಬೆಳೆ ರಕ್ಷಣೆಗೆ ಬೇಕೆಂದರೆ ಬಾಯಿಂದ ಮದ್ದು ತುಂಬುವ ಕೋವಿಗೆ ಪರವಾನಗಿ ಕೊಡಬೇಕು; ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ತೋಟಾ ಕೋವಿಗೂ ಕೊಡಬಹುದು. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಗರಿಷ್ಠ ಎರಡು ಕೋವಿ. ಲೈಸನ್ಸಿನ ಅವಧಿ ಐದು ವರ್ಷ.

ಒಂದು ರಾತ್ರಿಯಲ್ಲಿ ಹಂದಿಯ ಹಿಂಡು ಅರ್ಧ ಎಕರೆ ಜೋಳ ಉರುಳಿಸಿ ಹೋಗಿದ್ದನ್ನು ಬೆಳಿಗ್ಗೆ ಎದ್ದು ನೋಡುವ ಮನೆಗೆ ಕೋವಿ ಆಡಂಬರವಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಗರದಲ್ಲಿ ಕೂತು ಕೋವಿಯನ್ನು ಬರೀ ಹಿಂಸೆಯ ಚಿಹ್ನೆಯಾಗಿ ನೋಡುವ ಬರಹ ಆಲೂರಿನಲ್ಲಿ ಒಬ್ಬರ ಮನಸ್ಸನ್ನೂ ಬದಲಿಸದು. ಹಾಗೆಯೇ, ಕೋವಿ ಯಾವ ಕೆಲಸಕ್ಕೆಂದು ಮನೆಗೆ ಬಂತು ಮತ್ತು ಮನೆಯಲ್ಲಿದ್ದ ಕಾರಣಕ್ಕೇ ಅದರಿಂದ ಏನೇನು ಆಯಿತು ಎಂಬುವು ಬೇರೆಬೇರೆ ಪ್ರಶ್ನೆಗಳು. ಮೊದಲನೆಯದಕ್ಕೆ ಮಾಲೀಕ ಉತ್ತರ ಕೊಡಬಲ್ಲ. ಎರಡನೆಯದಕ್ಕೆ ಲೆಕ್ಕ ಬೇಕು.

2024ರ ಜೂನ್ 20ರ ಮಧ್ಯಾಹ್ನ ಹಾಸನ ನಗರದ ಹೊಯ್ಸಳನಗರದಲ್ಲಿ ಜಮೀನು ವ್ಯವಹಾರದಲ್ಲಿ ಪರಿಚಿತರಾಗಿದ್ದ ಇಬ್ಬರ ನಡುವೆ ಜಗಳವಾಯಿತು. ಒಬ್ಬರು ಇನ್ನೊಬ್ಬರಿಗೆ ಗುಂಡು ಹೊಡೆದರು, ನಂತರ ತಮಗೂ ಹೊಡೆದುಕೊಂಡರು. ಇಬ್ಬರೂ ತೀರಿಕೊಂಡರು. ಕಾನೂನಿನ ಕಣ್ಣಿಗೆ ಇವು ಎರಡು ಘಟನೆಗಳು, ಒಂದು ಕೊಲೆ, ಇನ್ನೊಂದು ಆತ್ಮಹತ್ಯೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಮೊದಲನೆಯದನ್ನು ‘ಭಾರತದಲ್ಲಿ ಅಪರಾಧ’ ಎಂಬ ವರದಿಯಲ್ಲಿ ಎಣಿಸುತ್ತದೆ, ಎರಡನೆಯದನ್ನು ಆಕಸ್ಮಿಕ ಸಾವು ಮತ್ತು ಆತ್ಮಹತ್ಯೆಗಳ ವರದಿಯಲ್ಲಿ. ಕೆಲವೇ ಕ್ಷಣಗಳ ಅಂತರದಲ್ಲಿ ಒಂದೇ ಸಿಟ್ಟಿನಿಂದ ಹೊರಟ ಎರಡು ಗುಂಡುಗಳು ಎರಡು ಪುಸ್ತಕಗಳಿಗೆ ಹಂಚಿಹೋಗುತ್ತವೆ. ಅವನ್ನು ಮತ್ತೆ ಒಟ್ಟಿಗೆ ಇಟ್ಟು ನೋಡುವ ಕೆಲಸವೇ ಈ ವಿಜ್ಞಾನದ ಮೊದಲ ಹೆಜ್ಜೆ.

ಒಟ್ಟಿಗೆ ಇಟ್ಟಾಗ ಕಾಣುವ ಚಿತ್ರ ನಾವು ಸಿನಿಮಾದಿಂದ ಕಲಿತ ಚಿತ್ರವಲ್ಲ. ಅಮೆರಿಕದಲ್ಲಿ 2021ರಲ್ಲಿ ಬಂದೂಕಿನಿಂದ ಸತ್ತವರು 48,830 ಜನ. ಶಾಲೆಗೆ, ಅಂಗಡಿಗೆ ನುಗ್ಗಿ ಗುಂಡು ಹಾರಿಸಿದ ಸುದ್ದಿಯಷ್ಟೇ ಕೇಳುವ ನಮಗೆ ಅಚ್ಚರಿಯಾಗಬಹುದು: ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಾವೇ ಗುಂಡು ಹೊಡೆದುಕೊಂಡವರು. ಸಾಮೂಹಿಕ ಹತ್ಯೆಗಳ ಪಾಲು ಬಹಳ ಚಿಕ್ಕದು. ಅಪರಿಚಿತ ಕಳ್ಳ ಬಂದಾನೆಂದು ಕೊಂಡ ಬಂದೂಕು ಹೆಚ್ಚು ಸಲ ಸಿಡಿಯುವುದು ಮನೆಯೊಳಗಿನವರ ಮೇಲೆ.

ಇದನ್ನು ಅತ್ಯಂತ ಖಚಿತವಾಗಿ ತೋರಿಸಿದ ಅಧ್ಯಯನ ಕ್ಯಾಲಿಫೋರ್ನಿಯಾದ್ದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡೇವಿಡ್ ಸ್ಟಡರ್ಟ್ ಮತ್ತು ಸಂಗಡಿಗರು ಆ ರಾಜ್ಯದ 2.63 ಕೋಟಿ ವಯಸ್ಕರನ್ನು 2004ರಿಂದ 2016ರವರೆಗೆ ಕಡತಗಳಲ್ಲೇ ಹಿಂಬಾಲಿಸಿದರು. ಮತದಾರರ ಪಟ್ಟಿ, ಕೈಬಂದೂಕು ಖರೀದಿಯ ದಾಖಲೆ, ಮರಣ ದಾಖಲೆ, ಈ ಮೂರನ್ನೂ ಜೋಡಿಸಿದರು. 2020ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಕೈಬಂದೂಕು ಇಲ್ಲದ ಗಂಡಸರಿಗೆ ಹೋಲಿಸಿದರೆ ಇದ್ದವರು ಬಂದೂಕಿನಿಂದ ಆತ್ಮಹತ್ಯೆ ಮಾಡಿಕೊಳ್ಳುವ ಸಂಭವ ಸುಮಾರು ಎಂಟು ಪಟ್ಟು, ಹೆಂಗಸರಲ್ಲಿ 35 ಪಟ್ಟು. ಸಾಯಬೇಕೆಂದೇ ಬಂದೂಕು ಕೊಂಡವರು ಈ ಲೆಕ್ಕವನ್ನು ಹಿಗ್ಗಿಸಿರಬಹುದಲ್ಲವೆ? ಈ ಶಂಕೆ ಸಂಶೋಧಕರಿಗೂ ಇತ್ತು. ಕೊಂಡ ಮೊದಲ ತಿಂಗಳಲ್ಲಿ ಅಪಾಯ ಅತಿ ಹೆಚ್ಚು ಎಂಬುದು ನಿಜ. ಆದರೆ ಮಾಲೀಕರಲ್ಲಿ ನಡೆದ ಇಂಥ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಡೆದದ್ದು ಕೊಂಡು ಒಂದು ವರ್ಷ ಕಳೆದ ಮೇಲೆ. ಬೇರೆ ಯಾವುದೋ ಉದ್ದೇಶಕ್ಕೆ ಬಂದ ಬಂದೂಕು, ಕೆಟ್ಟ ದಿನವೊಂದು ಬಂದಾಗ ಕೈಗೆ ಸಿಕ್ಕಿತು. ಅದೇ ತಂಡ 2022ರಲ್ಲಿ ಇನ್ನೊಂದು ಲೆಕ್ಕ ಕೊಟ್ಟಿತು: ಬಂದೂಕು ಇಟ್ಟುಕೊಂಡವರ ಜೊತೆ ಬದುಕುವವರು ಸಂಗಾತಿಯ ಗುಂಡಿಗೆ ಬಲಿಯಾಗುವ ಸಂಭವ ಏಳು ಪಟ್ಟು ಹೆಚ್ಚು, ಮತ್ತು ಹಾಗೆ ಸತ್ತವರಲ್ಲಿ ನೂರಕ್ಕೆ 84 ಮಂದಿ ಹೆಂಗಸರು. ಕೋವಿ ಲೈಸನ್ಸಿನ ಅರ್ಜಿಯಲ್ಲಿ ಹೆಸರಿಲ್ಲದವರು ಅವರು.

ಯಾಕೆ ಹೀಗೆ? ಉತ್ತರ ಮನಸ್ಸಿನ ವೇಗದಲ್ಲಿದೆ. ಸಾಯುವ ನಿರ್ಧಾರ ಬಹುಕಾಲ ಆಲೋಚಿಸಿ ಗಟ್ಟಿ ಮಾಡಿಕೊಂಡದ್ದು, ಒಂದು ದಾರಿ ಮುಚ್ಚಿದರೆ ಇನ್ನೊಂದನ್ನು ಹುಡುಕಿಯೇ ತೀರುತ್ತಾರೆ ಎಂದು ನಾವು ನಂಬಿದ್ದೇವೆ. ‘ಹೋಗಬೇಕು ಅಂದುಕೊಂಡವರನ್ನು ಯಾರು ತಡೀತಾರೆ’ ಎಂಬ ಮಾತನ್ನು ಸಾವಿನ ಮನೆಯ ಜಗಲಿಯಲ್ಲಿ ಕೇಳದವರಿಲ್ಲ. ಆ ಮಾತು ಉಳಿದವರಿಗೆ ಸಮಾಧಾನ ಕೊಡುತ್ತದೆ, ಆದರೆ ಅದು ಸತ್ಯವಲ್ಲ. ಸ್ಯಾನ್ ಫ್ರಾನ್ಸಿಸ್ಕೊದ ಗೋಲ್ಡನ್ ಗೇಟ್ ಸೇತುವೆಯಲ್ಲಿ 1937ರಿಂದ 1971ರವರೆಗೆ ತಡೆದು ಹಿಂದಕ್ಕೆ ಕರೆತಂದ 515 ಮಂದಿಯ ಮುಂದಿನ ಬದುಕನ್ನು ರಿಚರ್ಡ್ ಸೈಡನ್ 1978ರಲ್ಲಿ ಹುಡುಕಿ ನೋಡಿದರು. ನೂರಕ್ಕೆ 94 ಮಂದಿ ಬದುಕಿದ್ದರು, ಇಲ್ಲವೆ ಸಹಜವಾಗಿ ತೀರಿಕೊಂಡಿದ್ದರು. ಹ್ಯೂಸ್ಟನ್ನಿನಲ್ಲಿ ಸಾವಿನ ಅಂಚಿಗೆ ಹೋಗಿ ಉಳಿದ ಹರೆಯದವರನ್ನು ಮಾತಾಡಿಸಿದಾಗ, ನಿರ್ಧಾರಕ್ಕೂ ಕೃತ್ಯಕ್ಕೂ ನಡುವೆ ಐದು ನಿಮಿಷವೂ ಇರಲಿಲ್ಲ ಎಂದವರು ನಾಲ್ವರಲ್ಲಿ ಒಬ್ಬರು. ಆ ಉಬ್ಬರ ಇಳಿಯುವಂಥದ್ದು. ಇಳಿಯುವ ತನಕ ಕೈಗೆ ಏನು ಸಿಗುತ್ತದೆ ಎಂಬುದೇ ಪ್ರಶ್ನೆ. ಬಂದೂಕಿನಿಂದ ಆದ ಯತ್ನಗಳಲ್ಲಿ ಹತ್ತರಲ್ಲಿ ಒಂಬತ್ತು ಸಾವಿನಲ್ಲಿ ಮುಗಿಯುತ್ತವೆ. ಪಶ್ಚಾತ್ತಾಪಕ್ಕೆ, ಅಕ್ಕಪಕ್ಕದವರು ಓಡಿ ಬರುವುದಕ್ಕೆ, ಆ್ಯಂಬುಲೆನ್ಸಿಗೆ ಅದು ಸಮಯ ಕೊಡುವುದಿಲ್ಲ.

ಇದನ್ನು ನೀತಿಯಾಗಿ ಪರೀಕ್ಷಿಸಿದ್ದು ಇಸ್ರೇಲಿನ ಸೇನೆ. ಅಲ್ಲಿ ಹದಿನೆಂಟು-ಇಪ್ಪತ್ತು ವರ್ಷದ ಸೈನಿಕರು ವಾರಾಂತ್ಯಕ್ಕೆ ಮನೆಗೆ ಹೋಗುವಾಗ ರೈಫಲನ್ನೂ ಒಯ್ಯುತ್ತಿದ್ದರು. 2006ರಲ್ಲಿ ರೈಫಲನ್ನು ಶಿಬಿರದಲ್ಲೇ ಬಿಟ್ಟು ಹೋಗಬೇಕೆಂಬ ನಿಯಮ ತಂದರು. ಆತ್ಮಹತ್ಯೆಗಳು ನೂರಕ್ಕೆ 40ರಷ್ಟು ಇಳಿದವು. ಇಳಿದದ್ದು ವಾರಾಂತ್ಯದಲ್ಲಿ, ರೈಫಲ್ ಜೊತೆಯಲ್ಲೇ ಇರುತ್ತಿದ್ದ ವಾರದ ದಿನಗಳಲ್ಲಿ ಹೇಳಿಕೊಳ್ಳುವ ಬದಲಾವಣೆ ಕಾಣಲಿಲ್ಲ. ಈ ಎರಡನೇ ವಾಕ್ಯದಲ್ಲೇ ಅಧ್ಯಯನದ ಜೀವವಿದೆ. ಸೇನೆಯಲ್ಲಿ ಬೇರೆ ಏನೋ ಸುಧಾರಿಸಿದ್ದರೆ ವಾರವಿಡೀ ಇಳಿಯಬೇಕಿತ್ತು.

ನಮ್ಮ ರೈತನ ಮನೆಗೆ ಹತ್ತಿರದ ಪಾಠ ಶ್ರೀಲಂಕಾದ್ದು, ಕೋವಿಯ ಬದಲು ಕೀಟನಾಶಕದ್ದು. ಹೆಚ್ಚು ವಿಷದ ಕೀಟನಾಶಕಗಳನ್ನು ಹಂತಹಂತವಾಗಿ ನಿಷೇಧಿಸಿದ ಆ ದೇಶದಲ್ಲಿ ಆತ್ಮಹತ್ಯೆಯ ಪ್ರಮಾಣ 1995ರಿಂದ 2015ರೊಳಗೆ ನೂರಕ್ಕೆ 70ರಷ್ಟು ಕುಸಿಯಿತು. ಜನ ಸಂಕಟಪಡುವುದನ್ನು ಬಿಟ್ಟಿರಲಿಲ್ಲ, ಸಂಕಟದ ಗಳಿಗೆಯಲ್ಲಿ ಕೈಗೆ ಸಿಕ್ಕಿದ್ದು ಮೊದಲಿನಷ್ಟು ಮಾರಕವಾಗಿರಲಿಲ್ಲ. ಅಲ್ಲಿಯೇ ಇನ್ನೊಂದು ಪ್ರಯೋಗವೂ ನಡೆಯಿತು. ಅನುರಾಧಪುರದ 180 ಹಳ್ಳಿಗಳ 53,382 ಮನೆಗಳನ್ನು ಆಯ್ದು, ಅರ್ಧ ಹಳ್ಳಿಗಳಿಗೆ ಕೀಟನಾಶಕವಿಡಲು ಬೀಗದ ಪೆಟ್ಟಿಗೆ ಕೊಟ್ಟರು. 2017ರಲ್ಲಿ ಫಲಿತಾಂಶ ಬಂದಾಗ ಪೆಟ್ಟಿಗೆ ಕೊಟ್ಟ ಹಳ್ಳಿಗಳಿಗೂ ಕೊಡದ ಹಳ್ಳಿಗಳಿಗೂ ವ್ಯತ್ಯಾಸವಿರಲಿಲ್ಲ. ಎಷ್ಟು ಸಹಜವಾಗಿ ಕಂಡ ಉಪಾಯ! ಪ್ರಯೋಗ ಮಾಡಿರದಿದ್ದರೆ ಸರ್ಕಾರಗಳು ಇವತ್ತಿಗೂ ಪೆಟ್ಟಿಗೆ ಹಂಚುತ್ತಿದ್ದವು.

ಹಾಗಾದರೆ ಕೋವಿಗೆ ಬೀಗ ಹಾಕುವುದೂ ವ್ಯರ್ಥವೆ? ಅಲ್ಲ. ಡೇವಿಡ್ ಗ್ರಾಸ್‌ಮನ್ ಮತ್ತಿತರರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಂದೂಕಿಗೆ ಬೀಗ, ಗುಂಡು ತೆಗೆದಿಡುವುದು, ತೋಟಾಗಳನ್ನು ಬೇರೆ ಕಡೆ ಬೀಗದಲ್ಲಿಡುವುದು, ಈ ಪ್ರತಿಯೊಂದು ಅಭ್ಯಾಸವೂ ಮನೆಯ ಮಕ್ಕಳ ಸಾವು-ಗಾಯಗಳನ್ನು ಕಡಿಮೆ ಮಾಡಿದ್ದು ಕಂಡಿತು. ಬೀಗದ ಕೈ ಯಾರ ಬಳಿ ಇಲ್ಲವೋ ಅವರನ್ನು ಬೀಗ ಕಾಯುತ್ತದೆ. ಬೀಗದ ಕೈ ಇರುವ ಯಜಮಾನನೇ ಕುಸಿದು ಕೂತಾಗ ಅದು ಕಾಯದು. ಅವನಿಗೆ ಬೇಕಾದದ್ದು ಸ್ವಲ್ಪ ಕಾಲ ಕೋವಿ ಮನೆಯಲ್ಲೇ ಇಲ್ಲದಿರುವುದು.

ಇಲ್ಲಿಗೆ ಬಂದು ನಾನು ಚುನಾವಣೆಯ ಮಾತು ತೆಗೆಯಬೇಕು.

ಮಲೆನಾಡಿನವರಿಗೆ ಇದು ಚಿರಪರಿಚಿತ. ಚುನಾವಣೆ ಘೋಷಣೆಯಾದ ಕೂಡಲೇ ಠಾಣೆಯಿಂದ ಕರೆ ಬರುತ್ತದೆ, ಕೋವಿ ತಂದು ಜಮಾ ಮಾಡಿ ಎಂದು. ರೈತ ಗೋಣಿಯಲ್ಲೋ ಬಟ್ಟೆಯಲ್ಲೋ ಸುತ್ತಿಕೊಂಡು ಹೋಗಿ, ಕೊಟ್ಟು, ರಸೀದಿ ತರುತ್ತಾನೆ. ಫಲಿತಾಂಶ ಬಂದ ಮೇಲೆ ಮತ್ತೆ ಹೋಗಿ ತರುತ್ತಾನೆ. ಈ ಕ್ರಮದ ಬಗ್ಗೆ ಬೆಳೆಗಾರರಿಗೆ ಸಕಾರಣ ಅಸಮಾಧಾನವಿದೆ. ಚುನಾವಣಾ ಆಯೋಗದ ನಿರ್ದೇಶನದಂತೆ ಜಿಲ್ಲಾ ಮಟ್ಟದ ಪರಿಶೀಲನಾ ಸಮಿತಿ ಯಾರ ಆಯುಧ ಜಮಾ ಆಗಬೇಕೆಂದು ತೀರ್ಮಾನಿಸಬೇಕು. ಎಲ್ಲರನ್ನೂ ಒಂದೇ ಕೋಲಿನಿಂದ ಅಳೆದು ಆನೆ ಓಡಾಡುವ ಊರಿನವನ ಕೋವಿಯನ್ನೂ ಒಯ್ಯುತ್ತಾರೆ ಎಂಬ ದೂರು ನ್ಯಾಯಾಲಯದ ಮೆಟ್ಟಿಲೂ ಹತ್ತಿದೆ. ಅವರ ದೂರು ಸರಿ. ನನ್ನ ಕುತೂಹಲ ಬೇರೆ. ಒಂದು ಜಿಲ್ಲೆಯ ಕೋವಿಗಳಲ್ಲಿ ಬಹುಪಾಲು, ಸುಮಾರು ಒಂದೂವರೆಯಿಂದ ಎರಡೂವರೆ ತಿಂಗಳು, ಗೊತ್ತಾದ ದಿನದಿಂದ ಗೊತ್ತಾದ ದಿನದವರೆಗೆ ಮನೆ ಬಿಟ್ಟು ಠಾಣೆಯಲ್ಲಿರುತ್ತವೆ. ಆ ದಿನಾಂಕಗಳನ್ನು ನಿರ್ಧರಿಸುವುದು ದೆಹಲಿಯ ಚುನಾವಣಾ ಆಯೋಗ. ಹಾಸನದ ಯಾವ ಮನೆಯ ಸಂಕಟಕ್ಕೂ ಆ ದಿನಾಂಕಕ್ಕೂ ಸಂಬಂಧವಿಲ್ಲ. ವಿಜ್ಞಾನದಲ್ಲಿ ಇದನ್ನು ಸಹಜ ಪ್ರಯೋಗ ಎನ್ನುತ್ತಾರೆ. ಮನೆಗಳಿಂದ ಕೋವಿ ತೆಗೆದು ನೋಡೋಣ ಎಂದು ಯಾವ ಸಂಶೋಧಕನೂ ಆದೇಶಿಸಲಾರ. ಇಲ್ಲಿ ಆಯೋಗ ಬೇರೆ ಕಾರಣಕ್ಕೆ ಅದನ್ನೇ ಮಾಡಿಸುತ್ತಿದೆ. 2023ರಲ್ಲಿ ಮಾರ್ಚ್ 29ರಂದು ನೀತಿಸಂಹಿತೆ ಬಂತು, ಮೇ 13ಕ್ಕೆ ಎಣಿಕೆ. 2024ರಲ್ಲಿ ಮಾರ್ಚ್ 16ರಿಂದ ಜೂನ್ ಮೊದಲ ವಾರದವರೆಗೆ. ಅದಕ್ಕೂ ಹಿಂದೆ 2018, 2019. ಇಸ್ರೇಲಿನ ವಾರಾಂತ್ಯದಂತೆ ನಮ್ಮಲ್ಲಿ ಚುನಾವಣೆಯ ತಿಂಗಳುಗಳು.

ಕೇಳಬೇಕಾದ ಪ್ರಶ್ನೆ ಸರಳ: ಕೋವಿ ಠಾಣೆಯಲ್ಲಿದ್ದ ದಿನಗಳಲ್ಲಿ ಕೋವಿಯಿಂದಾದ ಸಾವು-ಗಾಯ ಎಷ್ಟು, ಮನೆಯಲ್ಲಿದ್ದ ದಿನಗಳಲ್ಲಿ ಎಷ್ಟು? ಉತ್ತರ ಪಡೆಯುವುದು ಅಷ್ಟು ಸರಳವಲ್ಲ. ಚುನಾವಣೆ ಬಹುತೇಕ ಬೇಸಿಗೆಯಲ್ಲಿ ಬರುತ್ತದೆ, ಆಗ ಹೊಲದಲ್ಲಿ ಫಸಲು ಕಡಿಮೆ, ಕೋವಿ ಹಿಡಿದು ಹೊರಡುವುದೂ ಕಡಿಮೆ. ಹಾಗಾಗಿ ಏಪ್ರಿಲನ್ನು ನವೆಂಬರಿಗೆ ಹೋಲಿಸುವಂತಿಲ್ಲ; ಚುನಾವಣೆಯಿದ್ದ ಏಪ್ರಿಲನ್ನು ಇಲ್ಲದ ಏಪ್ರಿಲಿಗೆ ಹೋಲಿಸಬೇಕು. ಚುನಾವಣೆಯಲ್ಲಿ ನಾಕಾಬಂದಿ ಹೆಚ್ಚು, ಮದ್ಯದ ಮೇಲೆ ಕಣ್ಣು ಹೆಚ್ಚು. ಅವೂ ಹಿಂಸೆಯನ್ನು ಇಳಿಸಬಹುದು. ಅದಕ್ಕೆ ಮಚ್ಚು-ದೊಣ್ಣೆಯ ಪ್ರಕರಣಗಳನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಕೋವಿಯದು ಮಾತ್ರ ಇಳಿದು ಮಚ್ಚಿನದು ಇಳಿಯದಿದ್ದರೆ ಕಾರಣ ಕೋವಿಯ ಗೈರುಹಾಜರಿ ಎನ್ನಲು ಬಲ ಬರುತ್ತದೆ. ಕೋವಿಯ ಆತ್ಮಹತ್ಯೆ ಇಳಿದು ಉಳಿದ ವಿಧಾನಗಳದು ಅಷ್ಟೇ ಏರಿದರೆ ಜನ ದಾರಿ ಬದಲಿಸಿದರು ಎಂದರ್ಥ, ಆಗ ನನ್ನ ಈ ಅಧ್ಯಾಯದ ವಾದ ನಮ್ಮ ನೆಲದಲ್ಲಿ ಬೀಳುತ್ತದೆ. ಬೀಳಲು ಅವಕಾಶವಿರುವುದರಿಂದಲೇ ಅದು ವಿಜ್ಞಾನದ ಪ್ರಶ್ನೆ.

ಇನ್ನೊಂದು ತೊಡಕು ಸಣ್ಣ ಸಂಖ್ಯೆಗಳದ್ದು. ಒಂದು ಜಿಲ್ಲೆಯಲ್ಲಿ ಆ ತಿಂಗಳುಗಳಲ್ಲಿ ಸಾಮಾನ್ಯವಾಗಿ ಇಂಥ ಎರಡು ಸಾವು ಆಗುತ್ತವೆ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳಿ. ಯಾವ ನೀತಿಯೂ ಇಲ್ಲದೆ, ಬರೀ ಆಕಸ್ಮಿಕವಾಗಿ, ಸುಮಾರು ಏಳು ವರ್ಷಕ್ಕೊಮ್ಮೆ ಆ ಸಂಖ್ಯೆ ಸೊನ್ನೆಯಾಗುತ್ತದೆ. ಆ ಸೊನ್ನೆಯನ್ನು ಹಿಡಿದು ಸಂಭ್ರಮಿಸಿದರೆ ಮೋಸಹೋದೆವು. ಅದೇ ನಾಲ್ಕು ಜಿಲ್ಲೆ, ನಾಲ್ಕು ಚುನಾವಣೆ ಸೇರಿಸಿದರೆ ನಿರೀಕ್ಷೆ 32. ಆಗ 16 ಮಾತ್ರ ಕಂಡರೆ, ಅದು ಆಕಸ್ಮಿಕವಾಗಿ ಸಾವಿರದಲ್ಲಿ ಎರಡು-ಮೂರು ಸಲ ಬರುವುದೂ ಕಷ್ಟ. ಹಾಸನವೊಂದೇ ಸಾಲದು ಎನ್ನುವುದು ಇದಕ್ಕೆ. ಚಿಕ್ಕಮಗಳೂರು, ಶಿವಮೊಗ್ಗ, ಉತ್ತರ ಕನ್ನಡ, ದಕ್ಷಿಣ ಕನ್ನಡ, ಕೊಡಗು ಎಲ್ಲವೂ ಒಂದೇ ಕೋಷ್ಟಕಕ್ಕೆ ಬರಬೇಕು.

ಮಾಹಿತಿ ಎಲ್ಲಿದೆ? ಚೂರುಚೂರಾಗಿ ಇದೆ. ಜಮಾ ಮಾಡಿದ ಮತ್ತು ಹಿಂದಿರುಗಿಸಿದ ದಿನಾಂಕ ಠಾಣೆಯ ಪುಸ್ತಕದಲ್ಲಿ. ಲೈಸನ್ಸಿನ ಕಡತ ಜಿಲ್ಲಾಧಿಕಾರಿ ಕಚೇರಿಯಲ್ಲಿ. ಅಸಹಜ ಸಾವಿನ ವರದಿ ಪೊಲೀಸರಲ್ಲಿ, ಮರಣೋತ್ತರ ಪರೀಕ್ಷೆಯ ವರದಿ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಂಥ ಆಸ್ಪತ್ರೆಯಲ್ಲಿ, ಗುಂಡು-ನಳಿಗೆಯ ಪರೀಕ್ಷೆ ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ. ಇವನ್ನು ಹೊಲಿಯುವ ದಾರವೂ ಈಗಾಗಲೇ ಇದೆ: ದೇಶದ ಪ್ರತಿ ಶಸ್ತ್ರಾಸ್ತ್ರ ಲೈಸನ್ಸಿಗೂ ರಾಷ್ಟ್ರೀಯ ದತ್ತಾಂಶದಲ್ಲಿ ಒಂದು ವಿಶಿಷ್ಟ ಗುರುತಿನ ಸಂಖ್ಯೆ. ಆ ಸಂಖ್ಯೆಯನ್ನು ಅಸಹಜ ಸಾವಿನ ವರದಿಯಲ್ಲಿ ಒಂದು ಸಾಲಿನಲ್ಲಿ ನಮೂದಿಸಿದರೆ ಸಾಕು, ಕ್ಯಾಲಿಫೋರ್ನಿಯಾದವರು ಮಾಡಿದ ಜೋಡಣೆ ಇಲ್ಲೂ ಸಾಧ್ಯ. ಅಮೆರಿಕದಲ್ಲಿ ಪೊಲೀಸ್, ಮರಣಪತ್ರ ಮತ್ತು ಶವಪರೀಕ್ಷೆಯ ದಾಖಲೆಗಳನ್ನು ಕೂಡಿಸುವ ರಾಷ್ಟ್ರೀಯ ವ್ಯವಸ್ಥೆ 2002ರಲ್ಲಿ ಆರು ರಾಜ್ಯಗಳಿಂದ ಶುರುವಾಗಿ ಐವತ್ತಕ್ಕೂ ತಲುಪಲು 2018ರವರೆಗೆ ಬೇಕಾಯಿತು. ನಮ್ಮಲ್ಲೇ ನಿಮ್ಹಾನ್ಸ್‌ನ ಡಾ. ಜಿ. ಗುರುರಾಜ್ ಮತ್ತು ಸಂಗಡಿಗರು ಬೆಂಗಳೂರಿನ ಆಸ್ಪತ್ರೆಗಳಿಂದ, ಪೊಲೀಸರಿಂದ ಅಪಘಾತದ ಗಾಯಗಳ ಮಾಹಿತಿ ಕಲೆಹಾಕಿ ಒಂದೆಡೆ ಇಟ್ಟು ತೋರಿಸಿದ್ದಾರೆ. ಹೆಲ್ಮೆಟ್ಟಿನ ಚರ್ಚೆಗೆ ಅಂಥ ಲೆಕ್ಕ ಆಧಾರವಾಯಿತು. ಕೋವಿಗೂ ಅದೇ ದಾರಿ.

ಲೆಕ್ಕ ಇಡುವುದಕ್ಕೇ ವಿರೋಧ ಬರಬಹುದು ಎಂಬುದನ್ನೂ ಮರೆಯಬಾರದು. ವೈದ್ಯ ಆರ್ಥರ್ ಕೆಲರ್‌ಮನ್ 1993ರಲ್ಲಿ ಮನೆಯಲ್ಲಿ ಬಂದೂಕು ಇದ್ದರೆ ಆ ಮನೆಯಲ್ಲಿ ಕೊಲೆಯಾಗುವ ಸಂಭವ 2.7 ಪಟ್ಟು ಎಂದು ತೋರಿಸಿದರು. ಹಣ ಕೊಟ್ಟಿದ್ದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ. ಬಂದೂಕು ಪರ ಗುಂಪುಗಳು ಕೆರಳಿದವು. 1996ರಲ್ಲಿ ಅರ್ಕನ್ಸಾ ರಾಜ್ಯದ ಸಂಸದ ಜೇ ಡಿಕ್ಕಿ ತಂದ ತಿದ್ದುಪಡಿ, ಕೇಂದ್ರದ ಹಣವನ್ನು ಬಂದೂಕು ನಿಯಂತ್ರಣದ ಪ್ರಚಾರಕ್ಕೆ ಬಳಸುವಂತಿಲ್ಲ ಎಂದಿತು. ಸಂಶೋಧನೆ ಮಾಡಬೇಡಿ ಎಂದು ಅದರಲ್ಲಿ ಬರೆದಿರಲಿಲ್ಲ. ಆದರೆ ಕೇಂದ್ರದ ಬಜೆಟ್ಟಿನಿಂದ 26 ಲಕ್ಷ ಡಾಲರ್ ಕಡಿತವಾಯಿತು, ಹಿಂದಿನ ವರ್ಷ ಬಂದೂಕಿನ ಅಧ್ಯಯನಕ್ಕೆ ಖರ್ಚಾಗಿದ್ದ ಮೊತ್ತವೇ ಅಷ್ಟು. ಅಧಿಕಾರಿಗಳಿಗೆ ಅರ್ಥವಾಯಿತು. ಇಪ್ಪತ್ತಕ್ಕೂ ಹೆಚ್ಚು ವರ್ಷ ಆ ಕ್ಷೇತ್ರ ಒಣಗಿತು. ಯುವ ವೈದ್ಯರು ಬೇರೆ ವಿಷಯ ಹಿಡಿದರು. ಅದೇ ಡಿಕ್ಕಿ 2012ರಲ್ಲಿ, ಹಿಂದೆ ತಮ್ಮ ಎದುರಾಳಿಯಾಗಿದ್ದ ಗಾಯ-ತಡೆ ವಿಭಾಗದ ಮುಖ್ಯಸ್ಥ ಮಾರ್ಕ್ ರೋಸೆನ್‌ಬರ್ಗ್ ಜೊತೆ ಸೇರಿ ಪತ್ರಿಕೆಯಲ್ಲಿ ಲೇಖನ ಬರೆದು ಸಂಶೋಧನೆ ನಡೆಯಬೇಕೆಂದರು. ರಸ್ತೆ ಸುರಕ್ಷತೆಯ ಸಂಶೋಧನೆ ಕಾರುಗಳನ್ನು ಕಿತ್ತುಕೊಳ್ಳದೆ ಜೀವ ಉಳಿಸಿತು ಎಂಬುದು ಅವರ ವಾದ. ಡಿಕ್ಕಿ 2017ರಲ್ಲಿ ತೀರಿಕೊಂಡರು. ಸಂಸತ್ತು 2019ರ ಕೊನೆಯಲ್ಲಿ ಎರಡೂವರೆ ಕೋಟಿ ಡಾಲರ್ ಮಂಜೂರು ಮಾಡಿತು. ಮನಸ್ಸು ಬದಲಿಸಿದ ಆ ಮುದುಕನ ಬಗ್ಗೆ ನನಗೆ ಗೌರವವಿದೆ. ಆದರೆ ನಡುವಿನ ಆ ವರ್ಷಗಳನ್ನು ಯಾರೂ ಹಿಂದಿರುಗಿಸಲಾರರು.

ಅರಕಲಗೂಡಿನ ಗಡಿ ದಾಟಿದರೆ ಕೊಡಗು. ಕೊಡ್ಲಿಪೇಟೆ, ಶನಿವಾರಸಂತೆಯ ಕಡೆ ಮಳೆಯೂ ಮಣ್ಣೂ ಆನೆಯೂ ಹೆಚ್ಚುಕಡಿಮೆ ಅದೇ, ಕಾನೂನು ಬೇರೆ. 1861ರಲ್ಲಿ ಬ್ರಿಟಿಷರು ಜನರ ಆಯುಧ ಕಿತ್ತುಕೊಳ್ಳುವಾಗ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ವಿನಾಯಿತಿ ಕೊಟ್ಟರು. ಆ ವಿನಾಯಿತಿ ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಇಂದಿಗೂ ನಡೆದುಬಂದಿದೆ, ಅವರಿಗೆ ಕೋವಿಗೆ ಲೈಸನ್ಸ್ ಬೇಕಿಲ್ಲ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ಹತ್ತು ವರ್ಷಕ್ಕೆ ಮುಂದುವರಿಸಿತು. ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರಿನಲ್ಲಿ ವಜಾ ಮಾಡಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ತೋಕನ್ನು, ಅಂದರೆ ಕೋವಿಯನ್ನು, ಹೂವಿನಿಂದ ಪೂಜಿಸುತ್ತಾರೆ. ಗಂಡುಮಗು ಹುಟ್ಟಿದಾಗ ಒಂದು ಗುಂಡು, ಸಾವಿನಲ್ಲಿ ಎರಡು. ಆಯುಧಕ್ಕೆ ಇಷ್ಟು ಕಟ್ಟುಪಾಡು ಇರುವ ಕಡೆ ಅದು ಅಡ್ಡಾದಿಡ್ಡಿ ಬಳಕೆಯಾಗದು ಎಂದು ಕೊಡವರು ಹೇಳುತ್ತಾರೆ. ಈ ಮಾತು ನಿಜವಿರಬಹುದು. ನಿಜವಾಗಿದ್ದರೆ ಜಗತ್ತೇ ಕಲಿಯಬೇಕಾದ ಸಂಗತಿ ಅದು: ಕಾಗದದ ಲೈಸನ್ಸ್ ಮಾಡಲಾರದ್ದನ್ನು ಒಕ್ಕದ, ಅಂದರೆ ಕುಲದ, ಶಿಸ್ತು ಮಾಡುತ್ತದೆಯೆ? ಗಡಿಯ ಎರಡೂ ಬದಿಯ ಹೋಬಳಿಗಳನ್ನು ಹೋಲಿಸಿದರೆ ಉತ್ತರದ ಹತ್ತಿರ ಹೋಗಬಹುದು, ಸೈನ್ಯದ ಹಿನ್ನೆಲೆ, ತೋಟದ ಗಾತ್ರ, ಕುಡಿತ ಇವನ್ನೆಲ್ಲ ಲೆಕ್ಕಕ್ಕೆ ಹಿಡಿದು. ಕೊಡವರು ಈ ಹೋಲಿಕೆಗೆ ಹೆದರಬೇಕಾಗಿಲ್ಲ.

ಲೈಸನ್ಸ್ ಕೋವಿಯ ಆಚೆ ನಾಡಕೋವಿಯಿದೆ. ದೇಶದಲ್ಲಿ ಬಂದೂಕಿನಿಂದಾದ ಕೊಲೆಗಳಲ್ಲಿ ಬಹುಪಾಲು ಪರವಾನಗಿಯಿಲ್ಲದ ಆಯುಧದಿಂದ ಎಂಬುದನ್ನು ಅಪರಾಧ ದಾಖಲೆಗಳ ಬ್ಯೂರೊದ ಕೋಷ್ಟಕಗಳೇ ಹೇಳುತ್ತವೆ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿಯವರನ್ನು, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶರನ್ನು ಕೊಂದದ್ದು 7.65 ಮಿ.ಮೀ. ನಾಡ ಪಿಸ್ತೂಲಿನಿಂದ, ಎರಡೂ ಕಡೆ ಒಂದೇ ಪಿಸ್ತೂಲು ಎಂದು ವಿಧಿವಿಜ್ಞಾನ ಪ್ರಯೋಗಾಲಯ ಗುಂಡು ಮತ್ತು ಕಾರ್ಟ್ರಿಜ್‌ಗಳ ಮೇಲಿನ ಗುರುತು ಹೋಲಿಸಿ ಹೇಳಿತು. ಪ್ರತಿ ನಳಿಗೆಯೂ ತೋಟಾ ಸಿಡಿಸುವ ಪ್ರತಿ ಸೂಜಿಯೂ ತನ್ನದೇ ಗೀರು ಬಿಡುತ್ತದೆ. ಆ ಗೀರು ಸಾವಿನ ನಂತರ ಮಾತಾಡುತ್ತದೆ. ಮಲೆನಾಡಿನ ನಾಡಕೋವಿಯ ಕಥೆ ಇದಕ್ಕಿಂತ ಭಿನ್ನ. ರಾತ್ರಿ ಶಿಕಾರಿಗೆ ಹೋದವರು ಪೊದೆ ಅಲುಗಿದ್ದು ನೋಡಿ ಈಡು ಹೊಡೆಯುತ್ತಾರೆ, ಬಿದ್ದದ್ದು ಹಂದಿಯಲ್ಲ, ಜೊತೆಗೆ ಬಂದ ಗೆಳೆಯ. ಇಂಥ ಸುದ್ದಿ ವರ್ಷವರ್ಷವೂ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಬರುತ್ತದೆ. ಕಳ್ಳ ಕೋವಿ, ಕಳ್ಳ ಶಿಕಾರಿ ಎರಡರ ಭಯವೂ ಸೇರಿ ಆಸ್ಪತ್ರೆಗೆ ಒಯ್ಯುವುದು ತಡವಾಗುತ್ತದೆ. ಚರೆ ಹೊಕ್ಕವನ ಜೀವ ಆ ತಡದಲ್ಲಿ ಹೋಗುತ್ತದೆ. 2019ರ ತಿದ್ದುಪಡಿ ಶಿಕ್ಷೆಯನ್ನು ಹೆಚ್ಚಿಸಿದೆ, ಆದರೆ ಕೋವಿ ತಂದೊಪ್ಪಿಸುವವನಿಗೆ ಭಯವಿಲ್ಲದ ಒಂದು ಅವಧಿ ಕೊಡುವುದೂ ನೀತಿಯೇ. ಆಸ್ಟ್ರೇಲಿಯದಲ್ಲಿ 1996ರ ಏಪ್ರಿಲ್ 28ರಂದು ಪೋರ್ಟ್ ಆರ್ಥರ್‌ನಲ್ಲಿ 35 ಜನ ಸತ್ತ ಮೇಲೆ ಸರ್ಕಾರ ಹಣ ಕೊಟ್ಟು ಸುಮಾರು 6.5 ಲಕ್ಷ ಬಂದೂಕುಗಳನ್ನು ಹಿಂತೆಗೆದುಕೊಂಡಿತು. ಸಾವುಗಳು ಮೊದಲೇ ಇಳಿಮುಖವಾಗಿದ್ದವು, ಇಳಿತಕ್ಕೆ ಕಾರಣ ಪೂರ್ತಿ ಈ ಕ್ರಮವೇ ಎಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿದೆ. ಬಂದೂಕಿನ ಆತ್ಮಹತ್ಯೆ ತಗ್ಗಿತು ಎಂಬುದಕ್ಕೆ ಸಾಕ್ಷ್ಯ ಹೆಚ್ಚು ಗಟ್ಟಿ.

ಕೋವಿಯ ಅಗತ್ಯವನ್ನೇ ಕಡಿಮೆ ಮಾಡುವುದು ನನಗೆ ಎಲ್ಲಕ್ಕಿಂತ ಹಿತವಾಗಿ ಕಾಣುವ ನೀತಿ. ಹಾಸನದ ಆನೆ ಊರುಗಳಲ್ಲಿ ನೇಚರ್ ಕನ್ಸರ್ವೇಷನ್ ಫೌಂಡೇಷನ್ನಿನವರು ಅರಣ್ಯ ಇಲಾಖೆಯೊಂದಿಗೆ ಆನೆ ಎಲ್ಲಿದೆ ಎಂಬ ಸಂದೇಶವನ್ನು ಮೊಬೈಲಿಗೆ ಕಳಿಸುತ್ತಿದ್ದಾರೆ. ರೈಲು ಹಳಿಯ ತಡೆಬೇಲಿ, ಸೌರ ಬೇಲಿ, ತಡವಾಗದ ಬೆಳೆ ಪರಿಹಾರ, ಇವು ಅರಣ್ಯ ಇಲಾಖೆಯ ಬಾಬ್ತು ಎನಿಸಿದರೂ ಕೋವಿಯ ಲೆಕ್ಕದಲ್ಲೂ ಬರೆಯಬೇಕಾದವು. ಬೆಳೆ ಉಳಿದ ಮನೆಯಲ್ಲಿ ಕೋವಿಗೆ ಕೆಲಸ ಕಡಿಮೆ, ಸಾಲದ ಚಿಂತೆಯೂ ಕಡಿಮೆ.

ಇಷ್ಟರ ಜೊತೆಗೆ, ಚುನಾವಣೆಗೆ ಮಾಡುವುದನ್ನೇ ಮನೆಯ ಕಷ್ಟಕಾಲಕ್ಕೂ ಮಾಡಬಹುದು. ಲೈಸನ್ಸ್ ಇರುವವರು ಕೋವಿಯನ್ನು ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ಅಂಗಡಿಯಲ್ಲಿ ಸುರಕ್ಷತೆಗೆ ಇಡಲು ದಾರಿಯಿದೆ. ಮಗ ಮಂಕಾಗಿದ್ದಾನೆ, ಗಂಡ ಕುಡಿದು ಬಂದು ಕೋವಿ ತೋರಿಸುತ್ತಾನೆ, ಆಸ್ತಿ ಭಾಗದ ಜಗಳ ಬಿಸಿಯೇರಿದೆ ಎಂದಾಗ ಮನೆಯವರು ಹೋಗಿ ‘ಎರಡು ತಿಂಗಳು ಇಟ್ಟುಕೊಳ್ಳಿ ಸ್ವಾಮಿ’ ಎನ್ನುವಂತಿರಬೇಕು. ಅದರಿಂದ ಲೈಸನ್ಸಿಗೆ ಕುತ್ತು ಬರಬಾರದು, ಪ್ರಶ್ನೆಗಳ ಮಳೆ ಸುರಿಯಬಾರದು. ಲೈಸನ್ಸ್ ನವೀಕರಣಕ್ಕೆ ಪೊಲೀಸ್ ವರದಿ ತರಿಸುವಾಗ ಮನೆಯ ಹೆಂಗಸರನ್ನು ಬೇರೆಯಾಗಿ ಕೂರಿಸಿ ಒಂದು ಮಾತು ಕೇಳಬೇಕು. ರಸೀದಿಯ ಬೆನ್ನಿಗೆ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಅಚ್ಚು ಹಾಕಿಸಬೇಕು. 2022ರ ಅಕ್ಟೋಬರಿನಲ್ಲಿ ಶುರುವಾದ ಈ ಉಚಿತ ಸೇವೆಯಲ್ಲಿ ಹಗಲು ರಾತ್ರಿ ಕನ್ನಡದಲ್ಲಿ ಮಾತಾಡಬಹುದು. ಇದನ್ನು ಓದುತ್ತಿರುವ ಯಾರಿಗಾದರೂ ಈಗಲೇ ಮಾತಾಡಬೇಕೆನಿಸಿದರೆ ಆ ಸಂಖ್ಯೆಗೆ ಈಗಲೇ ಕರೆ ಮಾಡಬಹುದು.

ಕೊಡಗಿನ ವಿನಾಯಿತಿ 2029ರ ಅಕ್ಟೋಬರ್ 31ಕ್ಕೆ ಮುಗಿಯುತ್ತದೆ, ಆಗ ಮುಂದುವರಿಸಬೇಕೆ ಎಂಬ ಪ್ರಶ್ನೆ ಮತ್ತೆ ಏಳುತ್ತದೆ. ಅದಕ್ಕೆ ಮೊದಲು, ವಾಡಿಕೆಯಂತೆ ನಡೆದರೆ, 2028ರಲ್ಲಿ ವಿಧಾನಸಭೆ, 2029ರಲ್ಲಿ ಲೋಕಸಭೆ ಚುನಾವಣೆ. ಕೋವಿಗಳು ಎರಡು ಸಲ ಠಾಣೆಗೆ ಹೋಗಿ ಎರಡು ಸಲ ಮನೆಗೆ ಬರುತ್ತವೆ. ಠಾಣೆಯ ಪುಸ್ತಕದಲ್ಲಿ ಲೈಸನ್ಸಿನ ಗುರುತಿನ ಸಂಖ್ಯೆ, ಜಮಾ ದಿನಾಂಕ, ವಾಪಸಾದ ದಿನಾಂಕ. ಅಸಹಜ ಸಾವಿನ ವರದಿಯಲ್ಲಿ ಅದೇ ಸಂಖ್ಯೆಗೆ ಒಂದು ಕಾಲಂ, ಲೈಸನ್ಸ್ ಇಲ್ಲದ ಕೋವಿಯಾದರೆ ಹಾಗೆಂದು ಒಂದು ಗುರುತು. ಆರು ಜಿಲ್ಲೆಗಳ ಪೊಲೀಸ್ ವರಿಷ್ಠಾಧಿಕಾರಿಗಳು ಒಂದು ಸುತ್ತೋಲೆ ಹೊರಡಿಸಿದರೆ ಈ ಕೆಲಸ 2028ರ ನೀತಿಸಂಹಿತೆಗೆ ಮೊದಲೇ ಶುರುವಾಗುತ್ತದೆ.